ಬೇಟೆಯ ಹಡಗು ಯಾರ ಸ್ಮಾರಕ?

ಅಮೆರಿಕದ ಕನೆಕ್ಟಿಕಟ್ ರಾಜ್ಯದ ಮಿಸ್ಟಿಕ್ ಎಂಬ ಸಣ್ಣ ಊರಿನಲ್ಲಿ, ನದಿಯ ದಂಡೆಗೆ ಹಗ್ಗ ಬಿಗಿದು ನಿಲ್ಲಿಸಿರುವ ಒಂದು ಮರದ ಹಾಯಿಹಡಗಿನ ಡೆಕ್ಕಿನ ಮೇಲೆ ಇಟ್ಟಿಗೆಯ ಒಲೆಯೊಂದಿದೆ. ಅದರೊಳಗೆ ಎರಡು ದೊಡ್ಡ ಕಬ್ಬಿಣದ ಕೊಪ್ಪರಿಗೆಗಳನ್ನು ಕೂರಿಸಲಾಗಿದೆ. ಇಂಥ ಒಲೆಯ ಬಿಸಿ ಕೆಳಗಿನ ಹಲಗೆಗೆ ತಗುಲಿ ಹಡಗಿಗೇ ಬೆಂಕಿ ಹತ್ತದಿರಲೆಂದು ಅದರ ಅಡಿಯಲ್ಲಿ ನೀರು ನಿಲ್ಲಿಸುವ ತೊಟ್ಟಿ ಮಾಡಿರುತ್ತಿದ್ದರು. ನಡುಗಡಲಿನಲ್ಲಿ ಕೊಂದ ತಿಮಿಂಗಿಲವನ್ನು ಹಡಗಿನ ಪಕ್ಕಕ್ಕೆ ಸರಪಳಿಯಿಂದ ಬಿಗಿದು, ಅದರ ಚರ್ಮದಡಿಯ ಕೊಬ್ಬನ್ನು ಕಂಬಳಿ ಸುಲಿದಂತೆ ಉದ್ದಕ್ಕೆ ಸುಲಿದು, ತೆಳ್ಳಗೆ ಸೀಳಿ, ಈ ಕೊಪ್ಪರಿಗೆಗಳಲ್ಲಿ ಕಾಯಿಸಿ ಎಣ್ಣೆ ಇಳಿಸುತ್ತಿದ್ದರು. ಒಲೆ ಹೊತ್ತಿಸುವುದಕ್ಕೆ ಮಾತ್ರ ಕಟ್ಟಿಗೆ ಬೇಕಾಗುತ್ತಿತ್ತು. ಒಮ್ಮೆ ಹೊತ್ತಿಕೊಂಡ ಮೇಲೆ ಎಣ್ಣೆ ಇಳಿದು ಉಳಿದ ಕೊಬ್ಬಿನ ಚರಟವೇ ಉರುವಲಾಗುತ್ತಿತ್ತು. ತಿಮಿಂಗಿಲವನ್ನು ಬೇಯಿಸಲು ಅದೇ ತಿಮಿಂಗಿಲವನ್ನು ಉರಿಸುತ್ತಿದ್ದರು. ಹಗಲು ರಾತ್ರಿ ಎನ್ನದೆ ಸಾಗುತ್ತಿದ್ದ ಈ ಕೆಲಸದ ಕರಿಹೊಗೆಯನ್ನು ಬಹು ದೂರದ ಹಡಗಿನಿಂದಲೂ ಗುರುತಿಸಬಹುದಾಗಿತ್ತು.

ಈ ಹಡಗಿನ ಹೆಸರು ಚಾರ್ಲ್ಸ್ ಡಬ್ಲ್ಯು. ಮೋರ್ಗನ್. 2,700ಕ್ಕೂ ಹೆಚ್ಚು ಹಡಗುಗಳಿದ್ದ ಅಮೆರಿಕದ ತಿಮಿಂಗಿಲ ಬೇಟೆಯ ಪಡೆಯಲ್ಲಿ ಇಂದು ಉಳಿದಿರುವ ಮರದ ಹಾಯಿಹಡಗು ಇದೊಂದೇ. ಮ್ಯಾಸಚೂಸೆಟ್ಸ್‌ನ ನ್ಯೂ ಬೆಡ್‌ಫರ್ಡ್ ಬಂದರಿನಲ್ಲಿ 1841ರ ಜುಲೈ 21ರಂದು ನೀರಿಗಿಳಿದ ಇದು 1921ರವರೆಗಿನ ಎಂಬತ್ತು ವರ್ಷಗಳಲ್ಲಿ 37 ಬೇಟೆಯಾನಗಳನ್ನು ಮುಗಿಸಿತು. ಕೆಲವು ಯಾನಗಳು ವರ್ಷದೊಳಗೆ ಮುಗಿದರೆ ಕೆಲವು ನಾಲ್ಕೈದು ವರ್ಷ ಹಿಡಿದವು. ಈ ಅವಧಿಯಲ್ಲಿ ಅದು ದಡಕ್ಕೆ ತಂದ ಎಣ್ಣೆ 54,483 ಬ್ಯಾರೆಲ್. ಅದರ ಜೊತೆಗೆ, ಕೆಲವು ಜಾತಿಯ ತಿಮಿಂಗಿಲಗಳ ಬಾಯಿಯಲ್ಲಿ ಜರಡಿಯಂತೆ ಜೋತುಬಿದ್ದಿರುವ, ಬಳುಕಿದರೂ ಮುರಿಯದ ಬಲೀನ್ ಎಂಬ ಪಟ್ಟಿಗಳು 1,52,934 ಪೌಂಡ್.

ಇಂಥ ಹಡಗನ್ನು ಏಕೆ ಉಳಿಸಿಕೊಳ್ಳಬೇಕು, ಉಳಿಸಿಕೊಂಡರೆ ಅದು ಯಾರ ನೆನಪಿಗೆ ಎಂಬ ಪ್ರಶ್ನೆ ಹಳೆಯದಾದರೂ ಮುಗಿದುಹೋದ ಪ್ರಶ್ನೆಯಲ್ಲ. ಅಂತರರಾಷ್ಟ್ರೀಯ ತಿಮಿಂಗಿಲ ಆಯೋಗವು ವಾಣಿಜ್ಯ ಬೇಟೆಗೆ ತಡೆ ಹಾಕಲು 1982ರಲ್ಲಿ ನಿರ್ಣಯಿಸಿತು. ಆ ತಡೆ 1986ರಲ್ಲಿ ಜಾರಿಗೆ ಬಂತು. ಆದರೆ ಜಪಾನ್ 2019ರಲ್ಲಿ ಆ ಆಯೋಗದಿಂದ ಹೊರಬಂದು ತನ್ನ ಕಡಲಿನಲ್ಲಿ ವಾಣಿಜ್ಯ ಬೇಟೆಯನ್ನು ಮತ್ತೆ ಆರಂಭಿಸಿತು, 2024ರಲ್ಲಿ ಕಾಂಗೆಯಿ ಮಾರು ಎಂಬ, ಹಿಡಿದ ತಿಮಿಂಗಿಲಗಳನ್ನು ಕಡಲಿನಲ್ಲೇ ಕತ್ತರಿಸುವ ಹೊಸ ತಾಯಿಹಡಗನ್ನೂ ಕೆಲಸಕ್ಕಿಳಿಸಿತು. ನಾರ್ವೆ ಇಂದಿಗೂ ಬೇಟೆಯಾಡುತ್ತಿದೆ. ಒಂದು ಕಡೆ ಹೊಸ ಬೇಟೆಹಡಗು ನೀರಿಗಿಳಿಯುತ್ತಿರುವಾಗ ಇನ್ನೊಂದು ಕಡೆ ಹಳೆಯ ಬೇಟೆಹಡಗನ್ನು ಕೋಟ್ಯಂತರ ಹಣ ಸುರಿದು ಕಾಪಾಡಲಾಗುತ್ತಿದೆ. ಹೀಗಾಗಿ ಆ ಕಾಪಾಡುವಿಕೆಯ ಅರ್ಥವೇನೆಂದು ಬಿಡಿಸಿ ನೋಡುವ ಅಗತ್ಯವಿದೆ. ನನ್ನ ತಿಳಿವಳಿಕೆಯಲ್ಲಿ, ಕೌಶಲವನ್ನೂ ಕೊಲೆಯನ್ನೂ ಒಂದೇ ಡೆಕ್ಕಿನ ಮೇಲೆ ತೋರಿಸಬಲ್ಲ ಹಡಗಿಗೆ ಮಾತ್ರ ಸ್ಮಾರಕ ಎನ್ನಿಸಿಕೊಳ್ಳುವ ಅರ್ಹತೆಯಿದೆ. ಮೋರ್ಗನ್ ಆ ಅರ್ಹತೆಯನ್ನು ಪಡೆಯಲು ಸುಮಾರು ನೂರು ವರ್ಷ ಬೇಕಾಯಿತು, ಇನ್ನೂ ಪೂರ್ತಿ ಪಡೆದಿಲ್ಲ.

ಹತ್ತೊಂಬತ್ತನೆಯ ಶತಮಾನದ ನಡುವೆ ಈ ದಂಧೆ ಎಷ್ಟು ದೊಡ್ಡದಾಗಿತ್ತು ಎಂಬುದನ್ನು ಈಗ ಊಹಿಸುವುದು ಕಷ್ಟ. 1857ರಲ್ಲಿ ನ್ಯೂ ಬೆಡ್‌ಫರ್ಡ್ ಒಂದರಲ್ಲೇ 329 ಬೇಟೆಹಡಗುಗಳಿದ್ದವು. ಸ್ಪರ್ಮ್ ತಿಮಿಂಗಿಲದ ತಲೆಯಿಂದ ತೆಗೆದ ಮೇಣದಂಥ ಕೊಬ್ಬಿನಿಂದ ಹೊಗೆಯಿಲ್ಲದೆ ಉರಿಯುವ ಮೇಣದಬತ್ತಿ ಆಗುತ್ತಿತ್ತು. ಅದರ ಎಣ್ಣೆ ದೀಪಸ್ತಂಭಗಳನ್ನು ಬೆಳಗುತ್ತಿತ್ತು, ಕಾರ್ಖಾನೆಯ ಯಂತ್ರಗಳ ಕೀಲುಗಳನ್ನು ನುಣುಪಾಗಿಡುತ್ತಿತ್ತು. ಬಲೀನ್ ಪಟ್ಟಿಗಳು ಹೆಂಗಸರ ಬಿಗಿಯಂಗಿಗಳಿಗೂ ಕೊಡೆಯ ಕಡ್ಡಿಗಳಿಗೂ ಸಲ್ಲುತ್ತಿದ್ದವು. 1859ರಲ್ಲಿ ಪೆನ್ಸಿಲ್ವೇನಿಯಾದಲ್ಲಿ ಕಲ್ಲೆಣ್ಣೆಯ ಬಾವಿ ತೋಡಿದ ಮೇಲೆ ದೀಪದ ಮಾರುಕಟ್ಟೆ ಕೈತಪ್ಪಿತಾದರೂ ಬಲೀನಿನ ಬೆಲೆ ಈ ಹಡಗುಗಳನ್ನು ಇನ್ನೂ ಕೆಲವು ದಶಕ ಓಡಿಸಿತು. ಹಡಗಿಗೆ ತನ್ನ ಹೆಸರು ಕೊಟ್ಟ ಚಾರ್ಲ್ಸ್ ಮೋರ್ಗನ್ ಕ್ವೇಕರ್ ಪಂಥದ ವರ್ತಕ. ಮನುಷ್ಯನ ಮೇಲೆ ಆಯುಧ ಎತ್ತಬಾರದೆಂದು ನಂಬಿದ ಆ ಪಂಥದವರೇ ಈ ಊರಿನ ಬೇಟೆಹಡಗುಗಳ ದೊಡ್ಡ ಒಡೆಯರಲ್ಲಿದ್ದರು ಎಂಬುದನ್ನು ಓದುವಾಗಲೆಲ್ಲ, ಅಹಿಂಸೆಯ ಗಡಿಯನ್ನು ಪ್ರತಿಯೊಂದು ಕಾಲವೂ ತನಗೆ ಅನುಕೂಲವಾದಲ್ಲಿ ಎಳೆದುಕೊಳ್ಳುತ್ತದೆ ಎಂದು ನನಗೆ ಅನಿಸಿದೆ.

ಹಡಗಿನ ಮೇಲೆ ದುಡಿದವರ ಲೆಕ್ಕ ಬೇರೆ. ಅವರಿಗೆ ಸಂಬಳವಿರಲಿಲ್ಲ, ಬಂದ ಲಾಭದಲ್ಲಿ ಪಾಲು ಮಾತ್ರ ಇತ್ತು. ನಾಯಕನಿಗೆ ಹತ್ತು ಹದಿನೈದರಲ್ಲಿ ಒಂದು ಪಾಲು ಸಿಕ್ಕರೆ, ಮೊದಲ ಬಾರಿಗೆ ಹತ್ತಿದ ಹುಡುಗನಿಗೆ ನೂರೈವತ್ತರಿಂದ ಇನ್ನೂರರಲ್ಲಿ ಒಂದು. ಅದರಲ್ಲಿಯೇ ಹಡಗಿನ ಅಂಗಡಿಯಿಂದ ಪಡೆದ ಅಂಗಿ, ಚಾಕು, ತಂಬಾಕುಗಳ ಸಾಲ ವಜಾ ಆಗಿ, ಮೂರು ನಾಲ್ಕು ವರ್ಷ ಕಡಲಿನಲ್ಲಿ ಕಳೆದವನು ಬರಿಗೈಯಲ್ಲಿ ಇಳಿದ ಪ್ರಸಂಗಗಳು ಕಡಿಮೆಯಲ್ಲ. ಈ ಹಡಗುಗಳ ಸಿಬ್ಬಂದಿಯಲ್ಲಿ ಕೇಪ್ ವರ್ಡಿ ಮತ್ತು ಅಜೋರ್ಸ್ ದ್ವೀಪಗಳವರಿದ್ದರು, ಪೆಸಿಫಿಕ್ ದ್ವೀಪಗಳವರಿದ್ದರು, ಆ ನೆಲದ ಮೂಲನಿವಾಸಿಗಳಾದ ವಾಂಪನೋಗ್ ಜನರಿದ್ದರು, ಕಪ್ಪು ಅಮೆರಿಕನ್ನರಿದ್ದರು. 1848ರಲ್ಲಿ ಹಾರ್ಪೂನಿನ, ಅಂದರೆ ಹಗ್ಗ ಕಟ್ಟಿ ಎಸೆಯುವ ಈಟಿಯ, ಮೊನೆಗೆ ತಿರುಗುವ ಮುಳ್ಳು ಕೂರಿಸಿ, ತಿಮಿಂಗಿಲದ ಮೈಯಿಂದ ಅದು ಕಳಚಿಕೊಳ್ಳದಂತೆ ಮಾಡಿದವನು ನ್ಯೂ ಬೆಡ್‌ಫರ್ಡ್‌ನ ಕಪ್ಪು ಕಮ್ಮಾರ ಲೂಯಿಸ್ ಟೆಂಪಲ್. ಗುಲಾಮಗಿರಿಯಿಂದ ತಪ್ಪಿಸಿಕೊಂಡು 1838ರಲ್ಲಿ ಅದೇ ಊರಿಗೆ ಬಂದ, ಮುಂದೆ ಗುಲಾಮಗಿರಿಯ ವಿರುದ್ಧದ ಹೋರಾಟದ ದೊಡ್ಡ ನಾಯಕರಾದ ಫ್ರೆಡರಿಕ್ ಡಗ್ಲಸ್ ಹಡಗಿನ ಹಲಗೆಗಳ ಸಂದಿಗೆ ನಾರು ತುಂಬುವ ಕೆಲಸದಲ್ಲಿ ಪಳಗಿದವರು. ಅವರನ್ನು ಸೇರಿಸಿಕೊಂಡರೆ ತಾವು ಕೆಲಸ ಬಿಡುತ್ತೇವೆಂದು ಬಿಳಿಯ ಕೆಲಸಗಾರರು ಹಟ ಹಿಡಿದದ್ದರಿಂದ ಅವರು ಕೂಲಿಗೆ ಇಳಿಯಬೇಕಾಯಿತು. ಹೊರ ಜಗತ್ತಿನಲ್ಲಿ ಎಲ್ಲಿಯೂ ಸಿಗದಿದ್ದ ಅವಕಾಶವನ್ನು ಈ ದಂಧೆ ಕಪ್ಪು ಜನರಿಗೆ ಕೊಟ್ಟಿತ್ತು ಎಂಬ ಮಾತು ಎಷ್ಟು ನಿಜವೋ ಈ ಪ್ರಸಂಗವೂ ಅಷ್ಟೇ ನಿಜ.

ಮೋರ್ಗನ್ ಉಳಿದುಕೊಂಡದ್ದು ಯಾರೋ ದೂರದೃಷ್ಟಿಯಿಂದ ಯೋಜಿಸಿದ್ದರಿಂದಲ್ಲ. ಬೇಟೆ ನಿಂತ ಮೇಲೆ ಅದನ್ನು ಒಂದು ಮೂಕಿಚಿತ್ರದ ಚಿತ್ರೀಕರಣಕ್ಕೆ ಬಳಸಿಕೊಂಡರು. 1924ರ ಬೇಸಿಗೆಯಲ್ಲಿ ಬೆಂಕಿ ಹತ್ತಿ ಕಟ್ಟು ಕಳಚಿಕೊಂಡ ಸ್ಯಾಂಕಟಿ ಎಂಬ ಉಗಿಹಡಗು ತೇಲುತ್ತಾ ಬಂದು ಇದಕ್ಕೆ ತಾಗಿತು. ಹಡಗು ಸುಟ್ಟುಹೋಗದೆ ಉಳಿದದ್ದೇ ಪುಣ್ಯ. ಅದೇ ವರ್ಷದ ಆಗಸ್ಟ್‌ನಲ್ಲಿ, ಬೇಟೆಗೆಂದು ಹೊರಟ ವಾಂಡರರ್ ಎಂಬ ಇನ್ನೊಂದು ಹಳೆಯ ಹಡಗು ಬಂದರಿನಿಂದ ಬಹು ದೂರ ಹೋಗುವ ಮೊದಲೇ ಬಿರುಗಾಳಿಗೆ ಸಿಕ್ಕು ಕಟಿಹಂಕ್ ದ್ವೀಪದ ಬಂಡೆಗಳ ಮೇಲೆ ಒಡೆದುಹೋಯಿತು. ಹ್ಯಾರಿ ನೇಲ್ಯಾಂಡ್ ಎಂಬ ಚಿತ್ರಕಾರರು ಮೋರ್ಗನ್ ಅನ್ನು ಉಳಿಸಬೇಕೆಂದು ಕಂಡವರನ್ನೆಲ್ಲ ಕೇಳಿಕೊಂಡು, ಕೊನೆಗೆ ಕರ್ನಲ್ ಎಡ್ವರ್ಡ್ ಗ್ರೀನ್ ಎಂಬ ಸಿರಿವಂತರ ಮನಸ್ಸನ್ನು ಒಲಿಸಿದರು. ಗ್ರೀನ್ ಅವರ ತಾಯಿಯ ಮನೆತನದ ಸಂಪತ್ತು ತಿಮಿಂಗಿಲದ ಎಣ್ಣೆಯಿಂದಲೇ ಬಂದದ್ದು. ಅವರು ತಮ್ಮ ರೌಂಡ್ ಹಿಲ್ ಎಸ್ಟೇಟಿನ ಕಡಲ ತೀರದಲ್ಲಿ ಹಡಗನ್ನು ಮರಳಿನೊಳಗೆ ನೆಲೆ ನಿಲ್ಲಿಸಿ ಜನರಿಗೆ ತೋರಿಸಿದರು. ಅದನ್ನು ನೋಡಿಕೊಳ್ಳಲು ಹುಟ್ಟಿದ ಸಂಘಕ್ಕೆ ಇಟ್ಟ ಹೆಸರನ್ನು ಕನ್ನಡಕ್ಕೆ ತಂದರೆ ‘ಗುಡಿಯಲ್ಲಿ ನೆಲೆಗೊಂಡ ತಿಮಿಂಗಿಲ ಬೇಟೆ’ ಎಂದಾಗುತ್ತದೆ. ಆ ಕಾಲಕ್ಕೆ ಇದು ಯಾರ ಸ್ಮಾರಕವಾಗಿತ್ತು ಎಂಬುದಕ್ಕೆ ಆ ಹೆಸರೇ ಉತ್ತರ. ಸಾಹಸಿ ಪೂರ್ವಜರಿಗೆ ಮತ್ತು ಅವರ ಗಳಿಕೆಗೆ ಕಟ್ಟಿದ ಗುಡಿ ಅದು. ಅದರಲ್ಲಿ ತಿಮಿಂಗಿಲಕ್ಕೆ ಜಾಗವಿರಲಿಲ್ಲ.

ಗ್ರೀನ್ 1936ರಲ್ಲಿ ತೀರಿಕೊಂಡಾಗ ಹಡಗಿನ ಪಾಲನೆಗೆಂದು ಏನನ್ನೂ ಬರೆದಿಟ್ಟಿರಲಿಲ್ಲ. 1938ರ ಚಂಡಮಾರುತ ಅದನ್ನು ಮತ್ತಷ್ಟು ಜಖಂಗೊಳಿಸಿತು. ಒಬ್ಬರ ಔದಾರ್ಯದ ಮೇಲೆ ನಿಂತ ಸ್ಮಾರಕ ಅವರೊಂದಿಗೇ ಅನಾಥವಾಗುತ್ತದೆ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ನಿದರ್ಶನ ಬೇಕಿಲ್ಲ. ಕೊನೆಗೆ 1941ರ ನವೆಂಬರ್‌ನಲ್ಲಿ, ಅಮೆರಿಕ ಯುದ್ಧಕ್ಕಿಳಿಯುವ ಮುಂಚಿನ ತಿಂಗಳು, ಮಿಸ್ಟಿಕ್‌ನ ಕಡಲ ಇತಿಹಾಸ ಸಂಸ್ಥೆಯವರು ಅದನ್ನು ಮರಳಿನಿಂದ ಬಿಡಿಸಿ ಎಳೆದು ತಂದರು. ಕೆಲವೇ ವಾರ ತಡವಾಗಿದ್ದರೂ ಈ ಹಡಗು ಇಂದು ಇರುತ್ತಿರಲಿಲ್ಲವೆಂದು ನನ್ನ ನಂಬಿಕೆ. ಆ ಸಂಸ್ಥೆಯೇ ಇಂದಿನ ಮಿಸ್ಟಿಕ್ ಸೀಪೋರ್ಟ್ ಮ್ಯೂಸಿಯಂ.

ಅಲ್ಲಿಯೂ ಮೊದಲ ಮೂವತ್ತು ವರ್ಷ ಹಡಗು ಮರಳು ಜಲ್ಲಿಗಳ ಹಾಸಿನಲ್ಲಿ ಹೂತುಕೊಂಡೇ ಇತ್ತು. ನೋಡುವವರಿಗೆ ಅದು ಭದ್ರವಾಗಿ ಕಾಣುತ್ತಿತ್ತು, ಆದರೆ ಮರದ ಹಡಗಿನ ಪ್ರಕೃತಿ ಕಟ್ಟಡದ ಪ್ರಕೃತಿಯಂಥದ್ದಲ್ಲ. ಉಪ್ಪುನೀರಿನಲ್ಲಿ ನೆನೆದಿರುವ ಹಲಗೆ ಉಬ್ಬಿ ಸಂದಿಗಳನ್ನು ತಾನೇ ಬಿಗಿಮಾಡಿಕೊಳ್ಳುತ್ತದೆ. ಒಣಗಿದರೆ ಸಂದಿ ಬಿಡುತ್ತದೆ. ಉಪ್ಪು ಮರವನ್ನು ಕಾಯುತ್ತದೆ, ಮೇಲಿನಿಂದ ಇಳಿಯುವ ಮಳೆನೀರು ಕೊಳೆಸುತ್ತದೆ. ನೀರಿನಲ್ಲಿರುವ ಭಾಗಕ್ಕೆ ತಾಮ್ರದ ತಗಡು ಹೊದಿಸದಿದ್ದರೆ ಮರ ಕೊರೆಯುವ ಕಡಲಹುಳು ಹಲಗೆಯನ್ನು ಜೇನುಹುಟ್ಟಿನಂತೆ ಮಾಡಿಬಿಡುತ್ತದೆ. ಇವೆಲ್ಲಕ್ಕಿಂತ ನಿಧಾನವಾಗಿ, ಕಣ್ಣಿಗೆ ಬೀಳದಂತೆ ನಡೆಯುವುದು ಬೆನ್ನು ಬಾಗುವಿಕೆ. ಹಡಗಿನ ಅಗಲವಾದ ನಡುಭಾಗವನ್ನು ನೀರು ಹೆಚ್ಚು ಬಲದಿಂದ ಮೇಲೆತ್ತುತ್ತದೆ, ಕಿರಿದಾದ ಎರಡು ತುದಿಗಳಿಗೆ ಅಷ್ಟು ಆಸರೆ ಸಿಗುವುದಿಲ್ಲ. ವರ್ಷಗಳು ಕಳೆದಂತೆ ತುದಿಗಳು ಜೋಲಿ, ಅಡಿಯ ಬೆನ್ನುಮರ ಬಿಲ್ಲಿನಂತೆ ಬಾಗುತ್ತದೆ. 1973ರ ಕೊನೆಯಲ್ಲಿ ಹಡಗನ್ನು ಮರಳಿನಿಂದ ಎತ್ತಿ ಮತ್ತೆ ತೇಲಿಸಿದರು, ಮ್ಯೂಸಿಯಂನ ಆವರಣದಲ್ಲಿಯೇ ಹಡಗು ದುರಸ್ತಿಯ ಕಟ್ಟೆ ಕಟ್ಟಿದರು. ಇದು ನನ್ನ ಲೆಕ್ಕದಲ್ಲಿ ಇಡೀ ಕಥೆಯ ತಿರುವು: ಅಲ್ಲಿಯವರೆಗೆ ಅವರ ಬಳಿ ಒಂದು ವಸ್ತುವಿತ್ತು, ಅಲ್ಲಿಂದ ಮುಂದೆ ಅವರ ಬಳಿ ಬಡಗಿಗಳಿದ್ದರು.

2008ರ ಕೊನೆಯಲ್ಲಿ ಹಡಗನ್ನು ಮತ್ತೆ ಮೇಲಕ್ಕೆತ್ತಿ ಸುಮಾರು ಐದು ವರ್ಷ ನಡೆಸಿದ ದುರಸ್ತಿಯಲ್ಲಿ ಈ ಬಡಗಿಗಳ ಕೆಲಸವನ್ನು ಜಗತ್ತು ನೋಡಿತು. ಮೊದಲು ಲೇಸರ್ ಮತ್ತು ಎಕ್ಸ್‌ರೇ ಬಳಸಿ ಹಡಗಿನ ಮೈಯನ್ನೆಲ್ಲ ದಾಖಲಿಸಿದರು. ಆಮೇಲೆ ಎದುರಾದದ್ದು ಮರದ ಸಮಸ್ಯೆ. ಹಡಗಿನ ಪಕ್ಕೆಲುಬುಗಳಿಗೆ ಬೇಕಾದ ಲೈವ್ ಓಕ್ ಎಂಬ ಮರ ಅಮೆರಿಕದ ದಕ್ಷಿಣ ಕರಾವಳಿಯದು. ಬಹಳ ಗಟ್ಟಿ, ಅದರ ಕೊಂಬೆಗಳು ಹುಟ್ಟಿನಿಂದಲೇ ಬಾಗಿರುತ್ತವೆ. ಪಕ್ಕೆಲುಬಿನ ಬಾಗಿಗೆ ಒಪ್ಪುವ ಕೊಂಬೆಯನ್ನು ಹುಡುಕಿ ಕಡಿದರೆ ಮರದ ಎಳೆಗಳು ತುಂಡಾಗದೆ ಬಾಗಿನುದ್ದಕ್ಕೂ ಓಡುತ್ತವೆ, ಬಲ ಅಲ್ಲಿದೆ. ಇಂಥ ಮರ ಈಗ ಮಾರಾಟಕ್ಕೆ ಸಿಗುವುದಿಲ್ಲ. ಕತ್ರಿನಾ ಚಂಡಮಾರುತ ಕೆಡವಿದ ಮರಗಳು, ಐಕ್ ಚಂಡಮಾರುತದ ಉಪ್ಪುನೀರು ನುಗ್ಗಿ ಟೆಕ್ಸಾಸ್‌ನ ಗ್ಯಾಲ್ವೆಸ್ಟನ್‌ನಲ್ಲಿ ಒಣಗಿಹೋದ ಮರಗಳು ಮಿಸ್ಟಿಕ್‌ಗೆ ಬಂದವು. ಬಾಸ್ಟನ್‌ನ ಹಳೆಯ ನೌಕಾ ಅಂಗಳದಲ್ಲಿ ಆಸ್ಪತ್ರೆಯೊಂದಕ್ಕೆ ಅಡಿಪಾಯ ತೋಡುವಾಗ, ಹಡಗು ಕಟ್ಟಲೆಂದು ಹಿಂದೆ ಸಂಗ್ರಹಿಸಿ ನೆಲದಡಿ ಮರೆತುಹೋಗಿದ್ದ ಲೈವ್ ಓಕ್ ದಿಮ್ಮಿಗಳು ಸಿಕ್ಕವು. ಅವೂ ಈ ಹಡಗಿನ ಮೈ ಸೇರಿದವು.

ಇಷ್ಟು ಮರ ಬದಲಾದ ಮೇಲೆ ಇದು ಹಳೆಯ ಹಡಗು ಹೇಗಾಯಿತು ಎಂದು ಕೇಳುವವರಿದ್ದಾರೆ. ಬೆನ್ನುಮರ ಮತ್ತು ಅಡಿಭಾಗದ ಕೆಲವು ಮರಗಳು 1841ರವು. ಒಟ್ಟಾರೆ ಮೂಲ ಮರದ ಪಾಲು ಐದರಲ್ಲಿ ಒಂದಕ್ಕಿಂತ ಕಡಿಮೆ. ಕನ್ನಡ ಓದುಗರಿಗೆ ಈ ಪ್ರಶ್ನೆ ಅಷ್ಟೇನೂ ಕಾಡಲಾರದು. ನಮ್ಮ ಊರ ತೇರಿನ ಗಾಲಿ ಬದಲಾಗುತ್ತದೆ, ಅಚ್ಚು ಬದಲಾಗುತ್ತದೆ, ಮೇಲಿನ ಕೆತ್ತನೆಯ ತೊಲೆಗಳೂ ಒಂದೊಂದಾಗಿ ಬದಲಾಗುತ್ತವೆ. ಆದರೂ ಅದು ಅದೇ ತೇರು, ಏಕೆಂದರೆ ಅದೇ ಬೀದಿಯಲ್ಲಿ ಅದೇ ಕ್ರಮದಲ್ಲಿ ಎಳೆಯಲ್ಪಡುತ್ತದೆ, ಅದನ್ನು ಮಾಡುವ ಕೈಗಳು ಹಿಂದಿನ ಕೈಗಳಿಂದ ಕಲಿತಿರುತ್ತವೆ. ಹಡಗು ದುಡಿಯುತ್ತಿದ್ದ ಎಂಬತ್ತು ವರ್ಷಗಳಲ್ಲಿಯೂ ಪ್ರತಿ ಯಾನದ ನಂತರ ಹಲಗೆಗಳನ್ನು ಬದಲಿಸುತ್ತಲೇ ಇದ್ದರು. ಎರಡು ಹಲಗೆಗಳ ಸಂದಿಗೆ ಹತ್ತಿಯ ಎಳೆಯನ್ನೂ ಅದರ ಮೇಲೆ ಡಾಂಬರು ಹಚ್ಚಿದ ನಾರನ್ನೂ ಇಟ್ಟು, ಉಳಿಯಂಥ ಕಬ್ಬಿಣದಿಂದ ಒತ್ತಿ, ಮರದ ಕೊಡತಿಯಿಂದ ಹೊಡೆಯುವಾಗ ನಾರು ಸಾಕಷ್ಟು ಬಿಗಿಯಾಯಿತೇ ಎಂಬುದನ್ನು ಕೆಲಸಗಾರ ಹೊಡೆತದ ಸದ್ದಿನಿಂದಲೇ ತಿಳಿಯುತ್ತಾನೆ. ಹೆಚ್ಚು ಹೊಡೆದರೆ ಹಲಗೆ ಸರಿಯುತ್ತದೆ, ಕಡಿಮೆ ಹೊಡೆದರೆ ನೀರು ಬರುತ್ತದೆ. ಈ ತಿಳಿವನ್ನು ಗಾಜಿನ ಪೆಟ್ಟಿಗೆಯಲ್ಲಿ ಇಡಲಾಗದು. ನ್ಯೂ ಬೆಡ್‌ಫರ್ಡ್‌ನ ಮ್ಯೂಸಿಯಂನಲ್ಲಿ ಲಗೋಡಾ ಎಂಬ ಬೇಟೆಹಡಗಿನ ಅರ್ಧ ಅಳತೆಯ ಮಾದರಿಯಿದೆ, 1916ರಲ್ಲಿ ಮುಗಿದದ್ದು, ಸುಮಾರು 89 ಅಡಿ ಉದ್ದ, ಸೂರಿನಡಿಯಲ್ಲಿ ಸುರಕ್ಷಿತವಾಗಿದೆ. ಅದು ಕೊಳೆಯುವುದಿಲ್ಲ, ಅದೇ ಕಾರಣಕ್ಕೆ ಯಾರಿಗೂ ಕೆಲಸ ಕಲಿಸುವುದೂ ಇಲ್ಲ.

2013ರ ಜುಲೈ 21ರಂದು, ಹುಟ್ಟಿದ ದಿನದಂದೇ, ಮೋರ್ಗನ್ ಮತ್ತೆ ನೀರಿಗಿಳಿಯಿತು. ಮರುವರ್ಷ ಅದು ತನ್ನ 38ನೆಯ ಯಾನಕ್ಕೆ ಹೊರಟಿತು: ನ್ಯೂ ಲಂಡನ್, ನ್ಯೂಪೋರ್ಟ್, ವಿನ್‌ಯರ್ಡ್ ಹೇವನ್, ತವರು ನ್ಯೂ ಬೆಡ್‌ಫರ್ಡ್, ಬಾಸ್ಟನ್. ಯಾನದ ನಡುವೆ ಹಡಗು ಸ್ಟೆಲ್‌ವ್ಯಾಗನ್ ಬ್ಯಾಂಕ್ ಎಂಬ ಸಂರಕ್ಷಿತ ಕಡಲ ಪ್ರದೇಶಕ್ಕೆ ಹೋಯಿತು. ಅಲ್ಲಿ ಹಂಪ್‌ಬ್ಯಾಕ್ ತಿಮಿಂಗಿಲಗಳು ಮೇಯುತ್ತಿದ್ದವು. ಹಿಂದೆ ಆರು ಜನರ ತಂಡ ಹುಟ್ಟು ಹಾಕುತ್ತಾ ಹಾರ್ಪೂನ್ ಹಿಡಿದು ಇಳಿಯುತ್ತಿದ್ದಂಥ ದೋಣಿಯನ್ನೇ ಅಂದೂ ಇಳಿಸಿದರು, ಈ ಬಾರಿ ಅದರಲ್ಲಿ ಆಯುಧವಿರಲಿಲ್ಲ. ಕಲಾವಿದರು, ಶಿಕ್ಷಕರು, ವಿಜ್ಞಾನಿಗಳು ಸರದಿಯ ಮೇಲೆ ಯಾನದಲ್ಲಿ ಪಾಲ್ಗೊಂಡರು. ಗುಡಿ ಕಟ್ಟಿದ ಕಾಲದಿಂದ ಆ ದಿನದವರೆಗೆ ಹಡಗಿನ ಅರ್ಥ ಎಷ್ಟು ದೂರ ಸಾಗಿತೆಂದು ನೆನೆದರೆ ಮನಸ್ಸು ತುಂಬುತ್ತದೆ. ಆದರೂ ಇಲ್ಲಿ ಒಂದು ಎಚ್ಚರಿಕೆಯ ಮಾತು ಬೇಕು. ಹಾಯಿ ಬಿಚ್ಚಿದ ಮರದ ಹಡಗು ಅಪಾರ ಚೆಲುವಿನದು, ಆ ಚೆಲುವು ರಕ್ತವನ್ನು ಮರೆಸಬಲ್ಲದು. ತಿಮಿಂಗಿಲದ ಪಕ್ಕದಲ್ಲಿ ದೋಣಿ ತೇಲಿಸಿದ ಮಾತ್ರಕ್ಕೆ ಹಳೆಯ ಲೆಕ್ಕ ಚುಕ್ತಾ ಆಗುವುದಿಲ್ಲ.

ಈ ಲೆಕ್ಕದ ನಿಜವಾದ ಗಾತ್ರ ತಿಳಿಯಬೇಕಾದರೆ ಮೋರ್ಗನ್ ಅನ್ನು ಬಿಟ್ಟು ಉಕ್ಕಿನ ಹಡಗುಗಳ ಕಡೆ ನೋಡಬೇಕು. ಒಂದು ತಿಮಿಂಗಿಲಕ್ಕೆ ಸರಾಸರಿ 30 ಬ್ಯಾರೆಲ್ ಎಂದು ಹಿಡಿದರೆ ಮೋರ್ಗನ್ ಎಂಬತ್ತು ವರ್ಷಗಳಲ್ಲಿ ತಂದ ಎಣ್ಣೆ ಸುಮಾರು 1,800 ತಿಮಿಂಗಿಲಗಳದು. ನಾರ್ವೆಯ ಸ್ವೆಂಡ್ ಫಾಯಿನ್ ಸಿಡಿಗುಂಡಿನ ಹಾರ್ಪೂನ್ ಫಿರಂಗಿಯನ್ನು ಉಗಿಹಡಗಿಗೆ ಕೂರಿಸಿದ ಮೇಲೆ, ಹಾಯಿಹಡಗುಗಳು ಬೆನ್ನಟ್ಟಲಾರದಿದ್ದ ನೀಲಿ ತಿಮಿಂಗಿಲವೂ ಕೈಗೆ ಸಿಕ್ಕಿತು. 1930–31ರ ಒಂದೇ ಹಂಗಾಮಿನಲ್ಲಿ ಅಂಟಾರ್ಕ್ಟಿಕ್ ಕಡಲಿನಲ್ಲಿ ಕೊಂದ ನೀಲಿ ತಿಮಿಂಗಿಲಗಳು 29,000ಕ್ಕೂ ಹೆಚ್ಚು. ಇಪ್ಪತ್ತನೆಯ ಶತಮಾನದಲ್ಲಿ ಇಂಥ ಕೈಗಾರಿಕಾ ಬೇಟೆಗೆ ಬಲಿಯಾದ ತಿಮಿಂಗಿಲಗಳು ಒಟ್ಟು ಸುಮಾರು 29 ಲಕ್ಷ ಎಂದು ಸಂಶೋಧಕರು ಅಂದಾಜು ಮಾಡಿದ್ದಾರೆ. ಆ ಕಾಲದ ಸಾಕ್ಷಿಗಳೂ ಉಳಿದಿವೆ, ಆದರೆ ಅವುಗಳನ್ನು ನೋಡಲು ಜನ ಸಾಲುಗಟ್ಟುವುದಿಲ್ಲ. 1950ರಲ್ಲಿ ಇಂಗ್ಲೆಂಡಿನಲ್ಲಿ ಕಟ್ಟಿದ ಸದರ್ನ್ ಆಕ್ಟರ್ ಎಂಬ ಬೇಟೆಹಡಗನ್ನು ನಾರ್ವೆಯ ಸಾಂಡೆಫ್ಯೋರ್ಡ್ ಊರಿನವರು ಅದರ ಉಗಿಯಂತ್ರ ಓಡುವ ಸ್ಥಿತಿಯಲ್ಲಿಯೇ ಕಾಪಾಡಿಕೊಂಡಿದ್ದಾರೆ. ದಕ್ಷಿಣ ಅಟ್ಲಾಂಟಿಕ್ ಸಾಗರದ ದಕ್ಷಿಣ ಜಾರ್ಜಿಯಾ ದ್ವೀಪದ ಗ್ರಿಟ್ವಿಕೆನ್ ಎಂಬಲ್ಲಿ, 1928ರ ಪೆಟ್ರೆಲ್ ಎಂಬ ಹಡಗು ದಡದ ಮೇಲೆ ತುಕ್ಕು ಹಿಡಿದು ನಿಂತಿದೆ. ಅದರ ಮುಂತುದಿಯ ಫಿರಂಗಿಯ ಕಟ್ಟೆಗೂ ನಾಯಕನ ಕಟ್ಟೆಗೂ ನಡುವೆ ಹಾರ್ಪೂನ್ ಹೊಡೆಯುವವನು ಓಡಿ ಹೋಗಲೆಂದು ಹಾಕಿದ ಕಿರುಸೇತುವೆಯಿದೆ. ಆ ದ್ವೀಪದ ಬೇಟೆ ಠಾಣೆಗಳಲ್ಲಿ 1904ರಿಂದ 1965ರವರೆಗೆ ಕತ್ತರಿಸಿದ ತಿಮಿಂಗಿಲಗಳು 1,75,250. ಅಲ್ಲಿನ ಆಲ್ಬಟ್ರೋಸ್ ಮತ್ತು ಡಿಯಾಸ್ ಹಡಗುಗಳು ನಿಂತಲ್ಲೇ ಮುಳುಗಿದ್ದವು. ಠಾಣೆಯ ಆಸ್ಬೆಸ್ಟಾಸ್ ಮತ್ತು ಉಳಿದ ಎಣ್ಣೆಯನ್ನು 2003–04ರಲ್ಲಿ ತೆಗೆಸಿದಾಗ ಅವುಗಳನ್ನೂ ತೇಲಿಸಿ ದಡಕ್ಕೆ ಸೇರಿಸಿದರು. ಉಕ್ಕಿನ ಹಡಗಿನ ಕಷ್ಟ ಇದು: ಮರದಂತೆ ತುಂಡು ತುಂಡಾಗಿ ಬದಲಿಸುವುದು ಸುಲಭವಲ್ಲ, ಬಿಟ್ಟರೆ ವಿಷವನ್ನು ನೀರಿಗೆ ಸುರಿಸುತ್ತದೆ. ಹಾಗಿದ್ದೂ, ಹತ್ಯೆಯ ಬಹುಪಾಲು ನಡೆದದ್ದು ಇಂಥ ಹಡಗುಗಳಿಂದಲೇ ಆದ್ದರಿಂದ, ತಿಮಿಂಗಿಲ ಬೇಟೆ ಎಂದರೆ ಬಿಳಿ ಹಾಯಿ ಮತ್ತು ಹುಟ್ಟು ಹಾಕುವ ದೋಣಿ ಎಂಬ ಚಿತ್ರ ಮಾತ್ರ ಉಳಿದರೆ ಸ್ಮಾರಕವೇ ಸುಳ್ಳು ಹೇಳಿದಂತಾಗುತ್ತದೆ.

ಹಡಗು ಉಳಿಸುವ ವಿಷಯದಲ್ಲಿ ನಮ್ಮ ದೇಶದ ಅನುಭವವೂ ಸಿಹಿಯಾದದ್ದಲ್ಲ. 1971ರ ಯುದ್ಧದಲ್ಲಿ ಪಾಲ್ಗೊಂಡ ವಿಮಾನವಾಹಕ ವಿಕ್ರಾಂತ್ 2012ರವರೆಗೆ ಮುಂಬಯಿಯಲ್ಲಿ ವಸ್ತುಸಂಗ್ರಹಾಲಯವಾಗಿತ್ತು. ಅದರ ಖರ್ಚು ಹೊರುವವರು ಸಿಗದೆ 2014ರಲ್ಲಿ ಗುಜರಿಗೆ ಹೋಯಿತು. ಕಾರವಾರದ ಕಡಲ ತೀರದಲ್ಲಿರುವ ಚಪಲ್ ಯುದ್ಧನೌಕೆಯನ್ನು ನೋಡಿದ ಕನ್ನಡಿಗರಿಗೆ ದಡದ ಮೇಲಿನ ಹಡಗು ಮಕ್ಕಳಲ್ಲಿ ಎಂಥ ಕುತೂಹಲ ಹುಟ್ಟಿಸುತ್ತದೆ ಎಂಬುದೂ, ಉಪ್ಪುಗಾಳಿಯಲ್ಲಿ ಅದನ್ನು ಸುಸ್ಥಿತಿಯಲ್ಲಿಡಲು ಬಣ್ಣದ ಕೆಲಸ ಎಂದೂ ಮುಗಿಯುವುದಿಲ್ಲ ಎಂಬುದೂ ಗೊತ್ತಿರುತ್ತದೆ. ಅಂದಹಾಗೆ, ಸ್ಪರ್ಮ್ ತಿಮಿಂಗಿಲದ ದೇಹವನ್ನು ಹಣವಾಗಿ ಕಾಣುವ ಕಣ್ಣು ನಮ್ಮಿಂದಲೂ ದೂರವಿಲ್ಲ: ‘ತಿಮಿಂಗಿಲ ವಾಂತಿ’ ಎಂದು ಪತ್ರಿಕೆಗಳು ಕರೆಯುವ ಅಂಬರ್‌ಗ್ರೀಸ್ ಮಾರಲು ಹೋಗಿ ಸಿಕ್ಕಿಬಿದ್ದವರ ಸುದ್ದಿ ಬೆಂಗಳೂರಿನಿಂದಲೇ ಬಂದಿದೆ.

ಮೋರ್ಗನ್‌ನಂಥ ಹಡಗಿನ ಮೇಲೆ ಒಂದು ವಸ್ತುವನ್ನು ಎಲ್ಲರ ಕಣ್ಣಿಗೆ ಬೀಳುವಂತೆ ಇಡಬೇಕೆಂದು ಕೇಳುವ ಹಕ್ಕು ನನಗಿದ್ದರೆ, ಇಟ್ಟಿಗೆಯ ಒಲೆಯ ಪಕ್ಕದಲ್ಲಿಯೇ ಆ ಕಾಲದ ಬೇಟೆಯಾನದ ದಿನಚರಿಯ ಪುಟಗಳನ್ನು ದೊಡ್ಡದಾಗಿ ತೆರೆದಿಡಿ ಎನ್ನುತ್ತೇನೆ. ಹಡಗಿನ ಅಧಿಕಾರಿಗಳು ಆ ಪುಸ್ತಕಗಳಲ್ಲಿ ಗಾಳಿಯ ದಿಕ್ಕು, ಹವೆ, ಹಡಗು ಇದ್ದ ಸ್ಥಾನ ಬರೆಯುತ್ತಿದ್ದರು. ತಿಮಿಂಗಿಲ ಸಿಕ್ಕ ದಿನ ಮರದಲ್ಲಿ ಅಥವಾ ಮೂಳೆಯಲ್ಲಿ ಕೆತ್ತಿದ ಸಣ್ಣ ಮುದ್ರೆಯನ್ನು ಶಾಯಿಗೆ ಅದ್ದಿ ಅಂಚಿನಲ್ಲಿ ಒತ್ತುತ್ತಿದ್ದರು. ಕೊಂದು ತಂದದ್ದಕ್ಕೆ ಇಡೀ ತಿಮಿಂಗಿಲದ ಮುದ್ರೆ. ಅದರ ಹೊಟ್ಟೆಯ ಜಾಗದಲ್ಲಿ ಖಾಲಿ ಬಿಟ್ಟು, ಎಷ್ಟು ಬ್ಯಾರೆಲ್ ಎಣ್ಣೆ ಬಂತೆಂಬ ಅಂಕಿಯನ್ನು ಅಲ್ಲಿ ತುಂಬುತ್ತಿದ್ದರು. ಕೈತಪ್ಪಿ ಹೋದದ್ದಕ್ಕೆ ನೀರಿನಿಂದ ಮೇಲೆದ್ದ ಬಾಲದ ಅಥವಾ ತಲೆಯ ಮುದ್ರೆ ಮಾತ್ರ. ಹಾರ್ಪೂನ್ ನೆಟ್ಟ ಮೇಲೆ ಹಗ್ಗ ಹರಿದುಕೊಂಡು ಹೋದ ಅವುಗಳಲ್ಲಿ ಎಷ್ಟೋ ಆ ಗಾಯದಿಂದಲೇ ಬೇರೆಲ್ಲೋ ಸತ್ತಿರುತ್ತವೆ. 54,483 ಬ್ಯಾರೆಲ್‌ಗಳ ಲೆಕ್ಕದಲ್ಲಿ ಅವು ಸೇರಿಲ್ಲ. ಅಂಥ ಪುಟಗಳ ಅಂಚಿನಲ್ಲಿ ಮಾತ್ರ ಇವೆ, ಹೊಟ್ಟೆಯಲ್ಲಿ ಅಂಕಿಯಿಲ್ಲದ ಬರೀ ಬಾಲಗಳಾಗಿ.